ಬಿರುಕಿನ ಪಕ್ಕದಲ್ಲೊಂದು ತಾರೀಖು

2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ನಿಲಂಗಾ ತಾಲೂಕಿನ ಹಾಸೋರಿಯಲ್ಲಿ ನೆಲದಡಿಯಿಂದ ಗುಡುಗಿದಂಥ ಸದ್ದು ಕೇಳಿಸತೊಡಗಿತು. ಜೊತೆಗೆ ಸಣ್ಣ ಕಂಪನಗಳೂ ಆದವು. ರಾತ್ರಿ ಮನೆಯೊಳಗೆ ಮಲಗಲು ಜನ ಹೆದರಿದರು. ಅದಕ್ಕೂ ಒಂದು ವರ್ಷ ಮೊದಲು, 2021ರ ಅಕ್ಟೋಬರಿನಲ್ಲಿ, ಗಡಿಯಾಚೆ ಕರ್ನಾಟಕದ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಇದೇ ಗತಿಯಾಗಿತ್ತು. ಶಿರೂರ ಅನಂತಪಾಳ, ಉಮರ್ಗಾ, ಉದಗೀರ, ನಿಲಂಗಾ ಕಡೆಯ ಹಿರಿಯರಿಗೆ ನೆಲ ಚೂರು ಅಲುಗಿದರೂ ನೆನಪಾಗುವ ಹೆಸರು ಒಂದೇ, ಕಿಲ್ಲಾರಿ. ಮರಾಠಿ ಮಾತಾಡುವವರಿಗೂ ಅಷ್ಟೇ, ಮನೆಯಲ್ಲಿ ಕನ್ನಡ ಆಡುವವರಿಗೂ ಅಷ್ಟೇ.

ಅಂಥ ದಿನಗಳಲ್ಲಿ ಎಲ್ಲರ ಕಣ್ಣೂ ಗೋಡೆಯ ಮೇಲೆ. ಈ ಬಿರುಕು ಮೊದಲೇ ಇತ್ತೋ, ಈಗ ಬಿಟ್ಟಿತೋ? ಒಳಗೆ ಹೋಗಬಹುದೋ, ಬೇಡವೋ? ದೊಡ್ಡ ಭೂಕಂಪವಾದ ಊರಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಗೋಡೆಯ ಮೇಲೆಯೇ, ಬಣ್ಣದಲ್ಲಿ. ಮೊದಲು ಬಣ್ಣ ಹಚ್ಚುವವರು ಜೀವ ಹುಡುಕುವವರು. ವಾರದೊಳಗೆ ಎಂಜಿನಿಯರುಗಳು ಬರುತ್ತಾರೆ. ಆಮೇಲೆ ಮನೆ ಗಟ್ಟಿ ಮಾಡುವ ಗೌಂಡಿ. ವರ್ಷ ಕಳೆದ ಮೇಲೆ, ಊರಿಗೆ ಮನಸ್ಸಿದ್ದರೆ, ಚಿತ್ರ ಬರೆಯುವವರು. ಒಬ್ಬೊಬ್ಬರ ಬಣ್ಣದ ಅರ್ಥ ಒಂದೊಂದು. ಒಬ್ಬರ ಗುರುತನ್ನು ಇನ್ನೊಬ್ಬರದೆಂದು ಓದಿಕೊಂಡರೆ ಜೀವಕ್ಕೇ ಅಪಾಯ. ಅದಕ್ಕೇ ಇವುಗಳನ್ನು ಓದಲು ಸಾಮಾನ್ಯರಿಗೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕಿಲ್ಲಾರಿಯ ಗೋಡೆಗಳ ವಿಷಯ ತಿಳಿಯಬೇಕು. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷ. ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ ಮುಗಿಸಿ ಜನ ಗಾಢ ನಿದ್ದೆಯಲ್ಲಿದ್ದರು. ಭೂಕಂಪದ ತೀವ್ರತೆ 6.2. ಔಸಾ, ಉಮರ್ಗಾ, ನಿಲಂಗಾ ತಾಲೂಕುಗಳ ಹಳ್ಳಿಹಳ್ಳಿಗಳೇ ಮಣ್ಣಾದವು. ಸತ್ತವರ ಲೆಕ್ಕ ಒಂದೊಂದು ದಾಖಲೆಯಲ್ಲಿ ಒಂದೊಂದು ತೆರ, ಎಂಟು ಸಾವಿರದಿಂದ ಹತ್ತು ಸಾವಿರ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 2011ರ ಫೆಬ್ರುವರಿ 22ರಂದು ಆದದ್ದೂ ಸರಿಸುಮಾರು ಇಷ್ಟೇ ತೀವ್ರತೆಯ ಭೂಕಂಪ. ಅಲ್ಲಿ ಸತ್ತವರು 185 ಮಂದಿ. ಅಲ್ಲಿ ನಡು ಮಧ್ಯಾಹ್ನ, ಇಲ್ಲಿ ನಡುರಾತ್ರಿ ಕಳೆದ ಹೊತ್ತು, ನಿಜ. ಆದರೆ ಇಲ್ಲಿ ಜನರನ್ನು ಕೊಂದದ್ದು ಬಹುಪಾಲು ಅವರವರ ಮನೆಯ ಗೋಡೆ ಮತ್ತು ಮಾಳಿಗೆ.

ಈ ಭಾಗದ ಹಳೆಯ ಕಲ್ಲಿನ ಗೋಡೆ ಎರಡಡಿಗೆ ಕಡಿಮೆ ದಪ್ಪ ಇರುವುದು ಅಪರೂಪ, ಮೂರು ನಾಲ್ಕಡಿಯವೂ ಉಂಟು. ನೋಡಿದರೆ ಕೋಟೆ. ಆದರೆ ಅದು ಒಂದು ಗೋಡೆಯಲ್ಲ, ಎರಡು. ಹೊರಮುಖಕ್ಕೊಂದು ಕಲ್ಲಿನ ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಮಣ್ಣು ಮತ್ತು ಸಣ್ಣ ಕಲ್ಲುಚೂರು. ಎರಡೂ ಮುಖಗಳನ್ನು ಹಿಡಿದುಕಟ್ಟುವ ಆರಪಾರ ಕಲ್ಲುಗಳು ಇರುವುದಿಲ್ಲ, ಇದ್ದರೂ ಅಲ್ಲೊಂದು ಇಲ್ಲೊಂದು. ಮೇಲೆ ಕಟ್ಟಿಗೆಯ ತೊಲೆ, ಹಲಗೆ, ಅದರ ಮೇಲೆ ಒಂದೂವರೆ ಎರಡಡಿ ಮಣ್ಣಿನ ಮೇಲ್ಮುದ್ದಿ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ನೆಲ ಅಲುಗಿದಾಗ ಮಾತ್ರ ನಡುವಿನ ಮಣ್ಣು ಕೆಳಗೆ ಕುಸಿದು ಬೆಣೆಯಂತೆ ಎರಡೂ ಮುಖಗಳನ್ನು ಹೊರಕ್ಕೆ ನೂಕುತ್ತದೆ. ಗೋಡೆ ಹೊಟ್ಟೆ ಬಿಟ್ಟು ಸೀಳಿಕೊಳ್ಳುತ್ತದೆ. ಮೇಲಿನ ಮಣ್ಣಷ್ಟೂ ಮಲಗಿದವರ ಮೇಲೆ ಬೀಳುತ್ತದೆ. 1993ರಲ್ಲಿ ಈ ಪ್ರದೇಶ ಭೂಕಂಪದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ನಕ್ಷೆ ತಿದ್ದಿದಾಗ ಇದನ್ನು ಮೂರನೇ ವಲಯಕ್ಕೆ ಏರಿಸಿದರು.

ಕಿಲ್ಲಾರಿಯಲ್ಲಿ ಅವಶೇಷ ಅಗೆದವರು ಉಳಿದ ಊರವರು, ಸುತ್ತಲಿನ ಹಳ್ಳಿಯವರು, ಆಮೇಲೆ ಸೇನೆಯ ಜವಾನರು. ಇಂಥ ಕೆಲಸಕ್ಕೆಂದೇ ತರಬೇತಾದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎನ್‌ಡಿಆರ್‌ಎಫ್, ಹುಟ್ಟಿದ್ದು 2006ರಲ್ಲಿ. ಈಗ ಲಾತೂರು ಕಡೆ ಏನೇ ಆದರೂ ಪುಣೆಯಲ್ಲಿ ನೆಲೆಸಿರುವ ಐದನೇ ಬೆಟಾಲಿಯನ್ ಹತ್ತಿರ. 2015ರಲ್ಲಿ ನೇಪಾಳಕ್ಕೆ, 2023ರಲ್ಲಿ ತುರ್ಕಿಗೆ ಹೋಗಿ ಕೆಲಸ ಮಾಡಿದ್ದೂ ಇದೇ ಎನ್‌ಡಿಆರ್‌ಎಫ್. ಬೇರೆ ಬೇರೆ ದೇಶದ ತಂಡಗಳು ಒಂದೇ ಊರಲ್ಲಿ ಕೆಲಸ ಮಾಡುವಾಗ ಭಾಷೆ ಬೇರೆ, ಲಿಪಿ ಬೇರೆ. ಒಬ್ಬರು ಹುಡುಕಿ ಮುಗಿಸಿದ ಮನೆಯನ್ನೇ ಇನ್ನೊಬ್ಬರು ಮತ್ತೆ ಹುಡುಕುತ್ತ ಕೂತರೆ, ಪಕ್ಕದ ಮನೆಯಲ್ಲಿ ಉಸಿರಾಡುತ್ತಿರುವವನ ಹೊತ್ತು ಮೀರುತ್ತದೆ. 1988ರ ಆರ್ಮೇನಿಯಾ ಭೂಕಂಪದಲ್ಲಿ ಹೊರದೇಶದ ತಂಡಗಳ ನಡುವೆ ಹೊಂದಾಣಿಕೆ ಇಲ್ಲದೆ ಪಟ್ಟ ಪಾಡಿನಿಂದ ಪಾಠ ಕಲಿತು, 1991ರಲ್ಲಿ ವಿಶ್ವಸಂಸ್ಥೆಯ ಆಸರೆಯಲ್ಲಿ ಇನ್‌ಸರಾಗ್ ಎಂಬ ಸಲಹಾ ಕೂಟ ಹುಟ್ಟಿತು. ಗೋಡೆಗುರುತುಗಳಿಗೆ ಎಲ್ಲರಿಗೂ ಒಂದೇ ಪದ್ಧತಿ ಗೊತ್ತುಮಾಡಿದವರು ಇವರು.

ಆ ಪದ್ಧತಿಯಲ್ಲಿ ಮುಖ್ಯವಾಗಿ ಮೂರು ಗುರುತು. ದೂರದಿಂದ ಕಾಣುವುದು ಒಂದು ದೊಡ್ಡ ಚೌಕ, ಸುಮಾರು ಒಂದು ಮೀಟರಿನದು. ಕುಸಿದ ಕಟ್ಟಡದ ಬಾಗಿಲ ಹತ್ತಿರ, ಎದ್ದು ಕಾಣುವ ಬಣ್ಣದ ಸ್ಪ್ರೇಯಲ್ಲಿ ಬರೆಯುತ್ತಾರೆ. ಒಳಗೆ ಆ ಜಾಗದ ಸಂಖ್ಯೆ, ತಂಡದ ಗುರುತು, ಎಷ್ಟು ಆಳದವರೆಗೆ ಹುಡುಕಿದ್ದಾರೆ ಎಂಬ ಹಂತ, ತಾರೀಖು. ಗ್ಯಾಸ್ ಸೋರುತ್ತಿದೆ, ಕರೆಂಟು ಇದೆ ಎಂಬಂಥ ಎಚ್ಚರಿಕೆಯನ್ನು ಚೌಕದ ಹೊರಗೆ ಬರೆಯುತ್ತಾರೆ. ಆ ಜಾಗದ ಕೆಲಸವೆಲ್ಲ ಮುಗಿದ ಮೇಲೆ ಗುರುತಿನ ನಟ್ಟನಡುವೆ ಅಡ್ಡಗೆರೆ ಎಳೆಯುತ್ತಾರೆ. ಎರಡನೆಯದು ಇಂಗ್ಲಿಷಿನ ವಿ ಅಕ್ಷರ. ಜನ ಸಿಕ್ಕಿಕೊಂಡಿರುವುದು ಗೊತ್ತಾದ ಕಡೆ ಇದನ್ನು ಬರೆದು, ಬೇಕಾದರೆ ಬಾಣದಿಂದ ದಿಕ್ಕು ತೋರಿಸುತ್ತಾರೆ. ಕೆಳಗೆ ‘ಎಲ್’ ಅಂದರೆ ಬದುಕಿರುವವರು, ‘ಡಿ’ ಅಂದರೆ ಸತ್ತವರು, ಪಕ್ಕದಲ್ಲಿ ಸಂಖ್ಯೆ. ‘ಎಲ್-2’ ಎಂದಿದ್ದಲ್ಲಿ ಒಬ್ಬರನ್ನು ಹೊರತೆಗೆದರೆ ಅದನ್ನು ಹೊಡೆದು ‘ಎಲ್-1’ ಎಂದು ಬರೆಯುತ್ತಾರೆ, ಆತನೂ ಹೊರಬಂದರೆ ಅದನ್ನೂ ಹೊಡೆದುಹಾಕುತ್ತಾರೆ. ಹೊಡೆದುಹಾಕಿದ ಅಂಕಿಗಳ ಸಾಲು ಉದ್ದವಿದ್ದಷ್ಟೂ ಅಲ್ಲಿ ಕೆಲಸ ನಡೆದಿದೆ ಎಂದರ್ಥ. ಮೂರನೆಯದು ಒಂದು ಗೇಣಿನಷ್ಟು ಅಗಲದ ವಜ್ರಾಕಾರ. ಒಳಗೆ ‘ಸಿ’ ಇದ್ದರೆ ಇಲ್ಲಿ ಹುಡುಕಿ ಮುಗಿಸಿದ್ದೇವೆ, ಯಾರೂ ಇಲ್ಲ. ‘ಡಿ’ ಇದ್ದರೆ ಒಳಗೆ ಶವಗಳು ಮಾತ್ರ ಇವೆ.

ಅಮೆರಿಕದಲ್ಲಿ ಇದಕ್ಕಿಂತ ಬೇರೆ ಪದ್ಧತಿಯೊಂದಿದೆ. ಸುದ್ದಿಚಿತ್ರಗಳಲ್ಲಿ ಹೆಚ್ಚು ಕಾಣುವುದು ಅದೇ. ಒಳಗೆ ಹೋಗುವಾಗ ಬಾಗಿಲ ಪಕ್ಕ ಒಂದು ಓರೆಗೆರೆ, ಹೊರಗೆ ಬಂದ ಮೇಲೆ ಅದಕ್ಕೆ ಅಡ್ಡವಾಗಿ ಇನ್ನೊಂದು. ಗುಣಾಕಾರ ಚಿಹ್ನೆ ಆಗುತ್ತದೆ. ಎಡಗಡೆ ತಂಡದ ಹೆಸರು, ಮೇಲೆ ಹೊರಬಂದ ತಾರೀಖು ವೇಳೆ, ಬಲಗಡೆ ಅಪಾಯಗಳು, ಕೆಳಗೆ ಒಳಗೆ ಕಂಡ ಜನರ ಲೆಕ್ಕ. ಒಂದೇ ಓರೆಗೆರೆ ಕಂಡರೆ ತಂಡ ಇನ್ನೂ ಒಳಗಿದೆ ಎಂದರ್ಥ. 2005ರ ಕತ್ರೀನಾ ಚಂಡಮಾರುತದ ಬಳಿಕ ನ್ಯೂ ಆರ್ಲಿಯನ್ಸ್‌ನ ಸಾವಿರಾರು ಮನೆಗಳ ಮೇಲೆ ಈ ಗುರುತು ಉಳಿಯಿತು. ಅದನ್ನು ಕೆಲವರು ಮನೆಗೆ ಮರಳಿದ ಮೊದಲ ದಿನವೇ ಉಜ್ಜಿಹಾಕಿದರು. ಕೆಲವರು ಅಳಿಸಲು ಮನಸ್ಸಾಗದೆ ಹಾಗೇ ಉಳಿಸಿಕೊಂಡರು, ಕಬ್ಬಿಣದಲ್ಲಿ ಅದೇ ಆಕಾರ ಮಾಡಿಸಿ ಗೋಡೆಗೆ ತೂಗುಹಾಕಿದವರೂ ಇದ್ದಾರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ‘ಸಿ’ ಬರೆದ ವಜ್ರವಾಗಲಿ, ನಡುಗೆರೆ ಎಳೆದ ಚೌಕವಾಗಲಿ, ಮನೆ ಗಟ್ಟಿಯಿದೆ ಎಂದು ಹೇಳುವುದಿಲ್ಲ. ಒಳಗೆ ಯಾರೂ ಉಳಿದಿಲ್ಲ ಎಂದಷ್ಟೇ ಹೇಳುತ್ತದೆ. ‘ಸಾಹೇಬರು ಗುರುತು ಹಾಕಿ ಹೋಗ್ಯಾರ, ಏನೂ ಆಗೂದಿಲ್ಲ’ ಎಂದು ಪೆಟ್ಟಿಗೆ, ಕಾಗದಪತ್ರ, ಕಾಳಿನ ಚೀಲ ತರಲು ಒಳಗೆ ನುಗ್ಗಬಾರದು. ದೊಡ್ಡ ಕಂಪನದ ಹಿಂದೆ ಮರುಕಂಪನಗಳು ಬಂದೇ ಬರುತ್ತವೆ. ಅರ್ಧ ಸೀಳಿದ ಕಲ್ಲಿನ ಗೋಡೆಗೆ ಅದರಲ್ಲೊಂದು ಸಾಕು.

ಮನೆ ವಾಸಕ್ಕೆ ಯೋಗ್ಯವೇ ಎಂದು ಹೇಳುವ ಬಣ್ಣ ಬೇರೆ. ಹಸಿರು, ಹಳದಿ, ಕೆಂಪು ಚೀಟಿಗಳು. ಕ್ಯಾಲಿಫೋರ್ನಿಯಾದ ಅಪ್ಲೈಡ್ ಟೆಕ್ನಾಲಜಿ ಕೌನ್ಸಿಲ್ 1989ರಲ್ಲಿ ಈ ಪದ್ಧತಿಯ ಕೈಪಿಡಿ ಹೊರತಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿ ಲೋಮಾ ಪ್ರಿಯೇಟಾ ಭೂಕಂಪವಾಗಿ ಕೂಡಲೇ ಬಳಕೆಗೂ ಬಂತು. ಕ್ರೈಸ್ಟ್‌ಚರ್ಚ್‌ನಲ್ಲೂ 2015ರ ಭೂಕಂಪದ ನಂತರ ಕಠ್ಮಂಡುವಿನಲ್ಲೂ ಇದೇ ಮೂರು ಬಣ್ಣ. ಕೆಂಪು ಅಂದರೆ ಒಳಗೆ ಕಾಲಿಡಬೇಡಿ. ಹಳದಿ ಅಂದರೆ ಬರೆದಷ್ಟು ಭಾಗಕ್ಕೆ, ಬರೆದಷ್ಟು ಹೊತ್ತಿಗೆ ಮಾತ್ರ ಅನುಮತಿ. ಹಸಿರು ಅಂದರೆ ನೋಡಿದ್ದೇವೆ, ಕಣ್ಣಿಗೆ ಕಾಣುವ ಅಪಾಯವಿಲ್ಲ.

ಜನ ಎಡವುವುದು ಎರಡು ಕಡೆ. ಕೆಂಪು ಚೀಟಿ ಅಂದರೆ ಮನೆ ಕೆಡವುತ್ತಾರೆ ಎಂದು ಹೆದರಿ ರಾತ್ರೋರಾತ್ರಿ ಕಿತ್ತೆಸೆಯುವವರಿದ್ದಾರೆ. ಹಾಗೇನಿಲ್ಲ. ಕೆಂಪು ಈ ಹೊತ್ತಿನ ಮಾತು. ಆಸರೆ ಕೊಟ್ಟು ದುರಸ್ತಿ ಮಾಡಿದರೆ ಎಷ್ಟೋ ಮನೆಗಳ ಬಣ್ಣ ಬದಲಾಗುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ಘೋರ, ಅದು ಹಸಿರನ್ನು ಅತಿಯಾಗಿ ನಂಬುವುದು. ಮೊದಲ ತಪಾಸಣೆ ಹೆಚ್ಚಾಗಿ ಹೊರಗಿನಿಂದ, ಒಂದು ಕಟ್ಟಡಕ್ಕೆ ಕಾಲು ಗಂಟೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕ್ರೈಸ್ಟ್‌ಚರ್ಚ್‌ನಲ್ಲಿ 2010ರ ಸೆಪ್ಟೆಂಬರ್ 4ರಂದು ದೊಡ್ಡ ಭೂಕಂಪವಾದ ಮೇಲೆ ಸಿಟಿವಿ ಎಂಬ ಕಟ್ಟಡಕ್ಕೆ ಹಸಿರು ಚೀಟಿ ಸಿಕ್ಕಿತ್ತು. ಜನ ಎಂದಿನಂತೆ ಕೆಲಸಕ್ಕೆ ಬಂದರು. ಮುಂದಿನ ಫೆಬ್ರುವರಿಯ ಕಂಪನಕ್ಕೆ ಅದು ಕುಸಿದು 115 ಜನ ಸತ್ತರು. ಆ ನಗರದಲ್ಲಿ ಅಂದು ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಒಂದೇ ಕಟ್ಟಡದವರು. ಮೊನ್ನೆಯ ಕಂಪನ ಈ ಕಟ್ಟಡಕ್ಕೆ ಏನು ಮಾಡಿತು ಎಂಬುದಕ್ಕಷ್ಟೇ ಹಸಿರು ಚೀಟಿ ಉತ್ತರ ಕೊಡುತ್ತದೆ. ನಾಳೆಯ ಕಂಪನಕ್ಕೆ ಇದು ನಿಲ್ಲುತ್ತದೆಯೇ ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಜೋರಾದ ಮರುಕಂಪನವಾದ ಪ್ರತಿ ಸಲವೂ ಹಳೆಯ ಚೀಟಿ ಹಳೆಯದೇ ಆಯಿತು, ಮತ್ತೆ ನೋಡಿಸಬೇಕು.

ಚಿತ್ರಗಳ ವಿಷಯಕ್ಕೂ ಕ್ರೈಸ್ಟ್‌ಚರ್ಚ್ ಒಳ್ಳೆಯ ಉದಾಹರಣೆ. ನಗರದ ನಡುಭಾಗದಲ್ಲಿ ಸಾವಿರಕ್ಕೂ ಹೆಚ್ಚು ಕಟ್ಟಡ ಕೆಡವಿದಾಗ, ಪಕ್ಕದ ಕಟ್ಟಡಕ್ಕೆ ಅಂಟಿಕೊಂಡಿದ್ದು ಎಂದೂ ಯಾರ ಕಣ್ಣಿಗೂ ಬೀಳದ ಗೋಡೆಗಳೆಲ್ಲ ಬಯಲಿಗೆ ಬಂದವು. ಕಿಟಕಿಯಿಲ್ಲ, ಗಿಲಾಯಿಯಿಲ್ಲ, ನಾಲ್ಕಂತಸ್ತಿನ ಬೋಳು ಇಟ್ಟಿಗೆ. ಚಿತ್ರಗಾರರಿಗೆ ಅದೇ ಹಾಳೆಯಾಯಿತು. 2013ರ ಕೊನೆಗೆ ಅಲ್ಲಿನ ಕ್ಯಾಂಟರ್ಬರಿ ಮ್ಯೂಸಿಯಂ ರೈಸ್ ಎಂಬ ಪ್ರದರ್ಶನ ಏರ್ಪಡಿಸಿದಾಗ ಊರ ತುಂಬ ದೊಡ್ಡ ಗೋಡೆಚಿತ್ರಗಳು ಮೂಡಿದವು. ಥಿಯೇಟರ್ ರಾಯಲ್‌ನ ಹಿಂಗೋಡೆಯ ಮೇಲೆ ಓವನ್ ಡಿಪ್ಪಿ ಬರೆದ ನರ್ತಕಿಯ ಚಿತ್ರವನ್ನು ಬಹಳ ಜನ ನೆನೆಯುತ್ತಾರೆ. ಖಾಲಿ ಜಾಗಗಳಲ್ಲಿ ಹೊಸ ಕಟ್ಟಡ ಎದ್ದ ಹಾಗೆ ಕೆಲವು ಚಿತ್ರ ಮರೆಯಾದವು. ಅದರಲ್ಲಿ ಕೊರಗುವುದಕ್ಕೇನಿದೆ? ಪಕ್ಕದಲ್ಲಿ ಮತ್ತೆ ಜನ ಬಂದು ನೆಲೆಸಿದರೆಂದೇ ಅಲ್ಲವೇ ಅದು.

ನಮ್ಮ ಕಡೆ ಗೋಡೆ ಬರಹಕ್ಕೆ ಬರವಿಲ್ಲ. ಸ್ವಚ್ಛತೆ, ಶೌಚಾಲಯ, ಹೆಣ್ಣುಮಕ್ಕಳ ಶಿಕ್ಷಣ, ಪೋಲಿಯೊ, ಎಲ್ಲಕ್ಕೂ ಶಾಲೆಯ, ಪಂಚಾಯತಿಯ ಗೋಡೆ ಇದ್ದೇ ಇದೆ. ಅದೇ ಗೋಡೆಯ ಮೇಲೆ ಆ ಚೌಕ, ವಿ, ವಜ್ರಗಳನ್ನೂ ಮೂರು ಬಣ್ಣಗಳನ್ನೂ ಅರ್ಥದ ಸಮೇತ ಬರೆಸಬಾರದೇಕೆ? ಶಿರೂರ ಅನಂತಪಾಳದಂಥ ಊರಲ್ಲಿ ಮರಾಠಿಯಲ್ಲಿ ಬರೆದು ಕೆಳಗೆ ಕನ್ನಡದಲ್ಲೂ ಬರೆದರೆ ಅಜ್ಜಿಗೆ ಮೊಮ್ಮಗಳು ಓದಿ ಹೇಳುತ್ತಾಳೆ. ಒಂದೇ ಷರತ್ತು, ಭೂಕಂಪವಾದ ಮೇಲೆ ಬಿರುಕು ಬಿಟ್ಟ ಗೋಡೆಯನ್ನು ಎಂಜಿನಿಯರ್ ನೋಡಿ ಒಪ್ಪುವ ಮೊದಲು ಅದರ ಬುಡದಲ್ಲಿ ಏಣಿ ಇಡಬಾರದು, ಮಕ್ಕಳನ್ನಂತೂ ಹತ್ತಿರ ಬಿಡಬಾರದು.

ಇನ್ನು ಮನೆಯವರೇ ಹಾಕಬೇಕಾದ ಗುರುತು. ಇದಕ್ಕೆ ಪೆನ್ಸಿಲ್, ಸ್ಕೇಲು ಸಾಕು. ಬಿರುಕು ಕಂಡ ಕೂಡಲೇ ಅದು ಎಲ್ಲಿಗೆ ನಿಂತಿದೆಯೋ ಆ ತುದಿಯಲ್ಲಿ ಒಂದು ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಬಿರುಕಿನ ಆಚೆಗೊಂದು ಈಚೆಗೊಂದು ಚುಕ್ಕೆ ಇಟ್ಟು ನಡುವಿನ ಅಂತರ ಅಳೆದು ಅದನ್ನೂ ಬರೆಯಿರಿ. ಅಂಥ ಎರಡು ಮೂರು ಜೋಡಿ ಚುಕ್ಕೆ ಇರಲಿ. ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ಫೋಟೋ ತೆಗೆಯಿರಿ, ಅಗಲ ಎಷ್ಟೆಂದು ನೋಡಿದವರಿಗೆ ತಿಳಿಯುತ್ತದೆ. ವಾರಕ್ಕೊಮ್ಮೆ ನೋಡಿ. ಬಿರುಕು ಗೆರೆ ದಾಟಿ ಮುಂದೆ ಹೋದರೆ ಅಲ್ಲಿ ಹೊಸ ಗೆರೆ, ಹೊಸ ತಾರೀಖು.

ಈ ಭಾಗದಲ್ಲಿ ತಾರೀಖು ಯಾಕೆ ಮುಖ್ಯವೆಂದರೆ ನಮ್ಮದು ಕರಿ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಭೂಕಂಪವೇ ಆಗದಿದ್ದರೂ ಎರೆಯ ಮೇಲೆ ಕಟ್ಟಿದ ಗೋಡೆ ಬಿರುಕು ಬಿಡುತ್ತದೆ. ಅಂಥ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುವುದುಂಟು. ಕಂಪನದಿಂದ ಆದದ್ದು ಒಮ್ಮೆಲೇ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಮಳೆಯ ಹಂಗೂ ಇಲ್ಲ, ಬಿಸಿಲಿನ ಹಂಗೂ ಇಲ್ಲ. ‘ಅದು ಮೊದಲಿಂದನೂ ಐತ್ರಿ’ ಎಂದು ಒಬ್ಬರು, ‘ಇಲ್ಲ ನಿನ್ನೆ ಬಂತು’ ಎಂದು ಇನ್ನೊಬ್ಬರು ವಾದಿಸುವ ಬದಲು ಗೋಡೆಯ ಮೇಲಿನ ಅಳತೆಗಳನ್ನು ಓದಿದರೆ ಆಯಿತು.

ಎಲ್ಲ ಬಿರುಕೂ ಸಮನಲ್ಲ. ಗಿಲಾಯಿಯ ಮೇಲಿನ ಕೂದಲೆಳೆಯಂಥವಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟದ್ದು, ಎರಡು ಕಿಟಕಿಗಳ ನಡುವೆ ಗುಣಾಕಾರದಂತೆ ಕೂಡಿದ್ದು, ಎರಡು ಗೋಡೆ ಸೇರುವ ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಬಾಯಿಬಿಟ್ಟದ್ದು, ಇವು ಗೋಡೆಯ ಶಕ್ತಿಯೇ ಕುಂದಿದ ಲಕ್ಷಣ. ಎಲ್ಲಕ್ಕಿಂತ ಕೆಟ್ಟದ್ದು ಗೋಡೆ ಹೊಟ್ಟೆ ಬಿಡುವುದು. ಬಿರುಕೇ ಇಲ್ಲದಿದ್ದರೂ ಗೋಡೆಗುಂಟ ಕಣ್ಣು ಹಾಯಿಸಿದಾಗ ನಡುವೆ ಉಬ್ಬು ಕಂಡರೆ ಒಳಗಿನ ಮಣ್ಣು ಜಾರಿದೆ ಎಂದೇ ತಿಳಿಯಬೇಕು. ಆ ಕೋಣೆಯಲ್ಲಿ ಮಲಗಬಾರದು. ನಮ್ಮ ಎಂಜಿನಿಯರುಗಳು ಹಾನಿಯನ್ನು ಜಿ-1ರಿಂದ ಜಿ-5ರವರೆಗೆ ಐದು ದರ್ಜೆಯಾಗಿ ವಿಂಗಡಿಸುತ್ತಾರೆ. ಜಿ-1 ಗಿಲಾಯಿಯ ಗೀರು, ಜಿ-3 ಗೋಡೆಯಲ್ಲಿ ಆಳವಾದ ದೊಡ್ಡ ಬಿರುಕು, ಜಿ-5 ನೆಲಸಮ. ನಡುವಿನ ದರ್ಜೆಗಳನ್ನು ತೀರ್ಮಾನಿಸುವಾಗ ಬಿರುಕಿನ ಅಗಲ ಉದ್ದಗಳೇ ಆಧಾರ. ಹಾಗಾಗಿ ತಲಾಠಿ ಬಂದು ಪಂಚನಾಮೆ ಮುಗಿಸುವವರೆಗೆ ಸುಣ್ಣ ಬಳಿಯಬೇಡಿ, ಮಣ್ಣು ಮೆತ್ತಬೇಡಿ. ಹಬ್ಬ ಬಂತೆಂದು ಬಳಿದರೆ ಮನೆಯ ಗಾಯವೂ ಮುಚ್ಚಿತು, ಪರಿಹಾರದ ಸಾಕ್ಷಿಯೂ ಹೋಯಿತು.

ಕೊನೆಯದು ಗೌಂಡಿಯ ಗುರುತು. ಕಿಲ್ಲಾರಿಯ ನಂತರ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಎತ್ತಿ ಕಟ್ಟಿದ ಸುದ್ದಿ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಕೆಲಸ ಇದ್ದಲ್ಲೇ ಉಳಿದ ಹಳ್ಳಿಗಳಲ್ಲಿ ನಡೆಯಿತು. ವಿಶ್ವಬ್ಯಾಂಕಿನ ನೆರವಿನ ಪುನರ್ವಸತಿ ಯೋಜನೆಯಲ್ಲಿ ಸುಮಾರು ಎರಡು ಲಕ್ಷ ಮನೆಗಳ ದುರಸ್ತಿ, ಬಲವರ್ಧನೆಯ ಕಾರ್ಯಕ್ರಮ ಹಮ್ಮಿಕೊಂಡರು. ಸ್ವಯಂ ಶಿಕ್ಷಣ ಪ್ರಯೋಗ್ ಸಂಸ್ಥೆಯ ಮುಂದಾಳತ್ವದಲ್ಲಿ ಊರೂರಿನ ಹೆಣ್ಣುಮಕ್ಕಳು ಸಂವಾದ ಸಹಾಯಕಿಯರಾಗಿ ಮನೆಮನೆಗೆ ಹೋಗಿ ಇದನ್ನು ತಿಳಿಹೇಳಿದರು. ಹಳೆಯ ಕಲ್ಲುಗೋಡೆಯ ಎರಡು ಮುಖಗಳನ್ನು ಒಂದು ಮಾಡುವ ವಿಧಾನ ಅಂದಿನಿಂದ ಗಟ್ಟಿಯಾಯಿತು. ಅದು ಹೀಗೆ.

ಮೊದಲು ಮೇಲ್ಮುದ್ದಿಯ ಮಣ್ಣು ಇಳಿಸಿ ಭಾರ ಕಡಿಮೆ ಮಾಡಬೇಕು. ಆಮೇಲೆ ಗೋಡೆಯ ಮೇಲೆ ಕಾವಿಯಲ್ಲಿ ಚುಕ್ಕೆ ಇಡಬೇಕು. ಅಡ್ಡಕ್ಕೆ ಸುಮಾರು ಒಂದು ಮೀಟರಿಗೆ ಒಂದು, ಮೇಲಕ್ಕೂ ಒಂದು ಮೀಟರಿಗೆ ಒಂದು ಸಾಲು, ಆದರೆ ಒಂದರ ತಲೆಯ ಮೇಲೆ ಇನ್ನೊಂದು ಬರಕೂಡದು. ಮೇಲಿನ ಸಾಲು ಅರ್ಧ ಮೀಟರು ಪಕ್ಕಕ್ಕೆ ಸರಿದಿರಬೇಕು. ಚುಕ್ಕೆ ಇದ್ದಲ್ಲಿನ ಕಲ್ಲನ್ನು ಸುತ್ತಿಗೆಯಿಂದ ಹೊಡೆಯದೆ, ಸುತ್ತಲಿನ ಗಾರೆ ಕೆರೆದು ಹಾರೆಕೋಲಿನಿಂದ ಮೆಲ್ಲಗೆ ಅಲುಗಿಸಿ ತೆಗೆಯುತ್ತಾರೆ. ಏಟು ಬಿದ್ದರೆ ಅಕ್ಕಪಕ್ಕದ ಕಲ್ಲೂ ಸಡಿಲವಾಗುತ್ತವೆ. ಹಾಗೇ ಒಳಗಿನ ಮಣ್ಣು ತೆಗೆದು ಆಚೆ ಮುಖದ ಕಲ್ಲನ್ನೂ ಬಿಡಿಸಿದರೆ ಆರಪಾರ ರಂಧ್ರ. ಎರಡು ತುದಿಯಲ್ಲಿ ಅಗಲ, ನಡುವೆ ಸುಮಾರು ಮೂರು ಇಂಚು. ಅರ್ಧದಷ್ಟು ಕಾಂಕ್ರೀಟು ತುಂಬಿ, ಎರಡೂ ತುದಿ ಕೊಕ್ಕೆಯಾಗಿ ಬಗ್ಗಿಸಿದ 8 ಮಿಲಿಮೀಟರಿನ ಸರಳು ಇಟ್ಟು, ಉಳಿದದ್ದನ್ನೂ ತುಂಬಿ ಮುಚ್ಚುತ್ತಾರೆ. ಹತ್ತು ದಿನವಾದರೂ ನೀರು ಚಿಮುಕಿಸಬೇಕು. ಒಂದೇ ದಿನ ಎಲ್ಲ ಚುಕ್ಕೆಗಳನ್ನೂ ಅಗೆಯಲು ಹೋಗಬೇಡಿ. ಒಂದಷ್ಟು ತುಂಬಿ ಗಟ್ಟಿಯಾದ ಮೇಲೆ ಮುಂದಿನವು.

ಗಿಲಾಯಿ ಮಾಡುವ ಮೊದಲು ಗೋಡೆಯ ಎರಡೂ ಮುಖದ ಫೋಟೋ ತೆಗೆದಿಡಿ. ಒಂದು ಹಾಳೆಯ ಮೇಲೆ ಗೋಡೆಯ ನಕ್ಷೆ ಬರೆದು ಯಾವ ಚುಕ್ಕೆ ತುಂಬಿದೆ, ಯಾವಾಗ ತುಂಬಿತು, ಗೌಂಡಿ ಯಾರು ಎಂದು ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಸುಣ್ಣ ಬಿದ್ದ ಮೇಲೆ ಆ ಕೊಕ್ಕೆಗಳು ಯಾರಿಗೂ ಕಾಣುವುದಿಲ್ಲ. ಹತ್ತು ವರ್ಷದ ಮೇಲೆ ಕಿಟಕಿ ದೊಡ್ಡದು ಮಾಡಲೋ, ಬಾಗಿಲು ಸರಿಸಲೋ ಬಂದವನು ಮೊದಲು ಕೇಳಬೇಕಾದದ್ದು ಆ ಹಾಳೆಯನ್ನು.